ಸೂಪರ್‌ವೈಸರ್‌ಗೆ ಹುಳ ತಿನ್ನಿಸಿದ ಬೇಸಿಗೆ

ಬೆಂಗಳೂರಿನ ಅಂಚಿನ ಬಾಗಲಗುಂಟೆಯಲ್ಲಿ ಆಗಿನ್ನೂ ಸೈಟಿನ ಕಲ್ಲುಗಳ ನಡುವೆ ರಾಗಿ ಪೈರು ಏಳುತ್ತಿತ್ತು. ಯಾರೂ ಬಿತ್ತಿದ್ದಲ್ಲ, ಹೊಲವಾಗಿದ್ದ ಕಾಲದಲ್ಲಿ ಉದುರಿದ ಕಾಳು ತಾನಾಗಿ ಮೊಳೆತದ್ದು. ನಾಗಸಂದ್ರಕ್ಕೆ ಮೆಟ್ರೋ ಬಂದಿರಲಿಲ್ಲ. ಹೆಸರಘಟ್ಟ ರಸ್ತೆಯ ಪಕ್ಕದಲ್ಲೇ ನಾವು ಲಗೋರಿ ಆಡುತ್ತಿದ್ದೆವು, ಚೆಂಡು ರಸ್ತೆಗೆ ಹೋದರೆ ಓಡಿಹೋಗಿ ತರುತ್ತಿದ್ದೆವು, ಲಾರಿಯವರು ಬೈದುಕೊಂಡು ಹೋಗುತ್ತಿದ್ದರು. ಸಂಜೆ ಆರಕ್ಕೆ ಪೀಣ್ಯದ ಕಾರ್ಖಾನೆಗಳ ಕಡೆಯಿಂದ ಸೈಕಲ್ಲುಗಳ ಸಾಲು ಬರುತ್ತಿತ್ತು. ಮೊದಲು ಎಣ್ಣೆ ಮತ್ತು ಕಬ್ಬಿಣದ ಪುಡಿ ಬೆರೆತ ವಾಸನೆ, ಆಮೇಲೆ ಮನುಷ್ಯರು. ಅಪ್ಪ ಪೀಣ್ಯದಲ್ಲಿ ದುಡಿಯುತ್ತಿದ್ದ ಮನೆಗಳಲ್ಲಿ ಬೆಳೆದವರಿಗೆ ಆ ವಾಸನೆಯನ್ನು ನಾನು ವಿವರಿಸಬೇಕಾಗಿಲ್ಲ. ಅಂಗಿ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ನಾನು ಏಳನೇ ಕ್ಲಾಸಿನ ಆಚೆ ಓದಿದವನಲ್ಲ. ಇವತ್ತು ಸ್ವಂತ ಶೆಡ್ಡಿನಲ್ಲಿ ಮೂರು ಲೇತು ಓಡಿಸುತ್ತೇನೆ. ಯಾರ ಮುಂದೆಯೂ ಕೈಕಟ್ಟಿ ನಿಂತವನಲ್ಲ, ನಾನು ಲೇತಿನಲ್ಲಿ ಕಡೆದು ಕೊಟ್ಟ ಒಂದು ಪೀಸನ್ನೂ ಯಾರೂ ವಾಪಸ್ ಕಳಿಸಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆ ಇರುವುದು ಒಂದೇ ಒಂದು ಬೇಸಿಗೆಯ ಬಗ್ಗೆ.

ಅಪ್ಪ ಒಂದು ಚಿಕ್ಕ ಕಾರ್ಖಾನೆಯಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಓಡಿಸುತ್ತಿದ್ದ. ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ, ಆಯುಧಪೂಜೆ ಮುಗಿದು ವಾರಕ್ಕೆ, ಅವನ ಬಲಗೈಯ ನಾಲ್ಕು ಬೆರಳು ಪ್ರೆಸ್ಸಿಗೆ ಸಿಕ್ಕಿ ಹೋದವು. ಉಳಿದದ್ದು ಹೆಬ್ಬೆರಳೊಂದೇ. ಮೆಷಿನ್ನಿಗೆ ಅಪ್ಪ ತಾನೇ ಹಚ್ಚಿದ್ದ ಅರಿಶಿನ ಕುಂಕುಮ ಇನ್ನೂ ಹಾಗೇ ಇತ್ತಂತೆ. ಆಸ್ಪತ್ರೆಗೆ ಕರೆದುಕೊಂಡು ಹೋದವರು ಆ ಮಾತನ್ನೇ ತಿರುಗಿಸಿ ತಿರುಗಿಸಿ ಹೇಳುತ್ತಿದ್ದರು, ಅದರಿಂದ ಏನೋ ಅರ್ಥವಾಗುತ್ತದೆ ಎನ್ನುವ ಹಾಗೆ.

ಗಾಯ ಮಾಗಿತು. ಅಪ್ಪ ಮಾಗಲಿಲ್ಲ. ಮನೆಯ ಒಳಗಿನ ಗೋಡೆಗೆ ಒರಗಿ ಕೂತರೆ ಸಂಜೆಯವರೆಗೂ ಅಲ್ಲೇ. ಮೊದಲು ಬೀದಿಗೆಲ್ಲ ಕೇಳುವ ಹಾಗೆ ತಮಾಷೆ ಮಾಡುತ್ತಿದ್ದವನು ಈಗ ನೀರು ಬೇಕಾದರೂ ಲೋಟ ತಟ್ಟಿ ತೋರಿಸುತ್ತಿದ್ದ. ಎಡಗೈಯಲ್ಲಿ ಉಣ್ಣುವುದು ಅವನಿಗೆ ಸಾವಿನಷ್ಟೇ ಕಷ್ಟವಾಗಿತ್ತು. ಹುಟ್ಟಿದಾಗಿನಿಂದ ಆ ಕೈ ಯಾವುದಕ್ಕೆ ಎಂದು ಕಲಿಸಿದ್ದರೋ ಅದರಲ್ಲೇ ಮುದ್ದೆ ಮುರಿಯಬೇಕು. ಎಲ್ಲರೂ ಎದ್ದು ಹೋದ ಮೇಲೆ ಗೋಡೆ ಕಡೆ ತಿರುಗಿ ಉಣ್ಣುತ್ತಿದ್ದ. ಅಜ್ಜಿ, ಅಂದರೆ ಅವನ ತಾಯಿ, ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಿರುತ್ತಿದ್ದಳು.

ಅಮ್ಮ ಸಂಜಯನಗರದ ಒಂದು ಮನೆಗೆ ಅಡುಗೆ ಕೆಲಸಕ್ಕೆ ಸೇರಿದಳು. ಆ ಮನೆಯ ಮೇಡಂ ಗಾಜಿನ ಪೆಟ್ಟಿಗೆಯಲ್ಲಿ ಒಂದು ಹಲ್ಲಿ ಸಾಕಿದ್ದರು. ನಮ್ಮ ಗೋಡೆ ಮೇಲಿನ ಹಲ್ಲಿಯಲ್ಲ. ಹಳದಿ ಮೈ, ಅದರ ಮೇಲೆ ಚಿರತೆಯ ಹಾಗೆ ಕಪ್ಪು ಚುಕ್ಕಿ, ಮೂಲಂಗಿಯಷ್ಟು ದಪ್ಪ ಬಾಲ. ಅವರು ಬೇರೆ ಮನೆಗೆ ಹೋಗುವವರಿದ್ದರು, ಆ ಓನರ್ ಇದನ್ನೆಲ್ಲ ಒಪ್ಪುವವನಲ್ಲ. "ನಿಮ್ಮನೇಲಿ ಹುಡುಗ ಇದಾನಲ್ಲ, ತಗೊಂಡೋಗ್ತೀರಾ?" ಎಂದರಂತೆ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅಮ್ಮ ಆ ಪೆಟ್ಟಿಗೆಗೆ ಹಳೇ ಟವೆಲ್ ಸುತ್ತಿ, ತೊಡೆ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಂದಳು.

ಬಂದ ತಕ್ಷಣ ಹೇಳಿದ್ದು ಕಂಡಕ್ಟರ್ ಕತೆ. "ಏನಮ್ಮ ಅದು ಅಂದ. ಹಲ್ಲಿ ಅಂದೆ. ಯಾಕಮ್ಮ, ನಿಮ್ಮನೇಲಿ ಹಲ್ಲಿ ಇಲ್ವಾ ಅಂದ. ಬಸ್ಸಲ್ಲಿದ್ದೋರೆಲ್ಲ ನಕ್ಬಿಟ್ರು ಕಣೋ ಸೀನ."

ನಾನೂ ನಕ್ಕೆ. ಅಜ್ಜಿ ನಗಲಿಲ್ಲ. "ಮೈಮೇಲೆ ಹಲ್ಲಿ ಬಿದ್ರೆ ಸ್ನಾನ ಮಾಡ್ತೀವಿ. ನೀನು ಮಡ್ಲಲ್ಲಿ ಇಟ್ಕೊಂಡ್ ಬಂದೆಯಾ?"

ಪೆಟ್ಟಿಗೆಯ ಜೊತೆ ಮೂರು ಸಾಮಾನು ಬಂದಿದ್ದವು: ನೀರಿನ ಮುಚ್ಚಳ, ಉದ್ದನೆಯ ಚಿಮಟ, ಐಸ್‌ಕ್ರೀಮ್ ಡಬ್ಬದ ತುಂಬ ಹೊಟ್ಟು. ಹೊಟ್ಟಿನೊಳಗೆ ಹುಳ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಬೆಲ್ಲದ ಬಣ್ಣ, ಮೈಯೆಲ್ಲ ಉಂಗುರ. ಹಿಟ್ಟಿನ ಹುಳದ ದೊಡ್ಡಣ್ಣ ಅನ್ನಿ. ದಿನಾ ಸಂಜೆ ಐದು ಹುಳ, ಜೀವಂತ. ಸತ್ತದ್ದನ್ನು ಅದು ಮೂಸಿಯೂ ನೋಡುವುದಿಲ್ಲ ಎಂದು ಮೇಡಂ ಹೇಳಿ ಕಳಿಸಿದ್ದರು. ಅಮ್ಮ ಮುಟ್ಟಲಾರೆ ಎಂದಳು. ಹಾಗಾಗಿ ಆ ಕೆಲಸ ನನ್ನದಾಯಿತು. ಚಿಮಟದಲ್ಲಿ ಒಂದು ಹುಳ ಹಿಡಿದು ಅದರ ಮೂಗಿನ ಮುಂದೆ ಆಡಿಸುತ್ತಿದ್ದೆ. ಮೊದಲು ಕತ್ತು ಎತ್ತಿ ನೋಡುತ್ತಿತ್ತು. ಆಮೇಲೆ ಬಾಲದ ತುದಿ ಮಾತ್ರ ಸಣ್ಣಗೆ ನಡುಗುತ್ತಿತ್ತು. ತಟ್ಟನೆ ಒಂದು ನೆಗೆತ, ಕರಕ್ ಎಂದು ಕಡಿದ ಸದ್ದು. ತಿಂದ ಮೇಲೆ ನಾಲಿಗೆ ಚಾಚಿ ತುಟಿಯ ಈ ಕಡೆ, ಆ ಕಡೆ ಒರೆಸಿಕೊಂಡು ಕಣ್ಣು ಮುಚ್ಚುತ್ತಿತ್ತು. ಮದುವೆ ಊಟ ಮುಗಿಸಿದ ಹಿರಿಯರ ಹಾಗೆ.

ನಾಲ್ಕನೆಯ ದಿನವೋ ಐದನೆಯ ದಿನವೋ, ಹಿಂದಿನಿಂದ ಅಪ್ಪನ ದನಿ ಕೇಳಿತು.

"ಅದಕ್ಕೆ ರೆಪ್ಪೆ ಐತೆ ಕಣೋ."

ಅವನು ಗೋಡೆ ಬಿಟ್ಟು ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. "ಗೋಡೆ ಹಲ್ಲಿಗೆ ರೆಪ್ಪೆ ಇರಲ್ಲ. ಇದು ನೋಡು, ಇಂಗೆ ಮುಚ್ಚಿ ಇಂಗೆ ತೆಗೀತದೆ." ಸ್ವಲ್ಪ ಹೊತ್ತು ನೋಡಿ, "ಗಾಜು ಹತ್ತಲ್ವಾ?" ಎಂದ.

"ಇಲ್ಲಪ್ಪ. ಇದ್ರ ಕಾಲಿಗೆ ಅಂಟು ಇಲ್ವಂತೆ. ಗೋಡೆ ಹತ್ತಕ್ಕೇ ಬರಲ್ಲ."

"ಇಡಿತ ಇಲ್ಲ ಅನ್ನು. ನನ್ನಂಗೆ." ಮೂರು ತಿಂಗಳಲ್ಲಿ ಅವನು ತನ್ನ ಕೈಯ ಬಗ್ಗೆ ಆಡಿದ ಮೊದಲ ಮಾತು ಅದು. ಆಮೇಲೆ ಎಡಗೈ ಚಾಚಿದ. "ಕೊಡಿಲ್ಲಿ ಆ ಚಿಮಟ."

ಕೊಟ್ಟೆ. ಮೊದಲ ಹುಳ ಜಾರಿ ಚಾಪೆ ಕೆಳಗೆ ಹೋಯಿತು. ಎರಡನೆಯದು ಅಜ್ಜಿಯ ಎಲೆಅಡಿಕೆ ಚೀಲದ ಕಡೆ ಓಡಿತು. ಅಜ್ಜಿ ಎದ್ದು ನಿಂತು ಸೀರೆ ಕೊಡವುತ್ತಾ, "ಅಯ್ಯೋ ನಿಮ್ ವಂಶ ಬೆಳಗ, ಮುದುಕಿ ಮೇಲೆ ಉಳ ಬಿಡ್ತೀರಾ!" ಎಂದು ಕೂಗಿದಳು. ಮೂರನೆಯದು ಪೆಟ್ಟಿಗೆಯೊಳಗೆ ಬಿತ್ತು, ಹಲ್ಲಿ ತಾನೇ ಹೋಗಿ ತಿಂದಿತು. ಅಪ್ಪ ಬೆವೆತುಹೋಗಿದ್ದ. ಆದರೆ ಅವನ ಮುಖದಲ್ಲಿ ಕೆಲಸ ಮಾಡಿದವನ ಸುಸ್ತು ಇತ್ತು. ಅದನ್ನು ಕಂಡು ಎಷ್ಟು ದಿನವಾಗಿತ್ತು.

ಅಲ್ಲಿಂದ ದಿನಾ ಆರೂವರೆಗೆ ಶಿಫ್ಟು. ಅದಕ್ಕೆ ಹೆಸರಿಟ್ಟವನು ಅಪ್ಪನೇ. ಹಗಲೆಲ್ಲ ಮಲಗಿ, ಸಂಜೆ ಎದ್ದು ಬಂದು, ಅರೆಗಣ್ಣಿನಲ್ಲಿ ನಮ್ಮ ಕೆಲಸ ನೋಡುತ್ತಾ ಕೂರುವುದರಿಂದ ಅದು ಸೂಪರ್‌ವೈಸರ್. ಹುಳ ಒದಗಿಸುವ ನಾನು ಸ್ಟೋರ್ ಕೀಪರ್. "ನಾನಿನ್ನೂ ಟ್ರೈನಿ ಕಣಪ್ಪ" ಎನ್ನುತ್ತಿದ್ದ ಅಪ್ಪ. ಪೆಟ್ಟಿಗೆಯ ಮುಂದೆ ಕೂತು, "ಏನ್ ಸಾರ್, ಇವತ್ತು ಲೇಟು? ಪಂಚ್ ಮಾಡಿದ್ರಾ?" ಎಂದು ಕೇಳುತ್ತಿದ್ದ. ಹುಳ ಬಿದ್ದುಹೋದರೆ ಹಲ್ಲಿ ಅವನನ್ನೇ ದಿಟ್ಟಿಸುತ್ತಿತ್ತು. "ನೋಡ್ದಾ ಸೀನ, ಮೆಮೋ ಕೊಡ್ತಾನೆ ಬಡ್ಡೀಮಗ." ಅಡುಗೆಮನೆಯಿಂದ ಅಮ್ಮ ನಗುವುದು ಕೇಳಿಸುತ್ತಿತ್ತು. ಹೋಳಿಗೆಯ ಹೂರಣದ ಪರಿಮಳ ತುಂಬಿದ ಆ ಯುಗಾದಿಯ ಸಂಜೆಯೂ ಶಿಫ್ಟು ತಪ್ಪಲಿಲ್ಲ.

ತಂದ ಹುಳ ತೀರುತ್ತಾ ಬಂತು. ಆರ್.ಟಿ. ನಗರದಲ್ಲಿ ಬಣ್ಣದ ಮೀನು ಮಾರುವ ಅಂಗಡಿಯಲ್ಲಿ ಸಿಗುತ್ತಿತ್ತು, ಆದರೆ ವಾರ ವಾರ ತರುವುದು ನಮ್ಮಿಂದಾಗುವ ಮಾತಲ್ಲ. ಆಗ ನಾನು ಬೆಳೆಸುತ್ತೇನೆ ಎಂದೆ. ಹಿಟ್ಟಿನ ಗಿರಣಿಯವನ ಹತ್ತಿರ ಗೋಧಿ ಬೂಸಾ ಕೇಳಿ ತಂದು ಅಗಲವಾದ ಪ್ಲಾಸ್ಟಿಕ್ ಟಬ್ಬಿಗೆ ಹಾಕಿದೆ. ಮೇಲೆ ಕ್ಯಾರೆಟ್ ಬಿಲ್ಲೆ, ಆಲೂಗಡ್ಡೆ ಸಿಪ್ಪೆ. ಹುಳಗಳು ಒಂದೊಂದಾಗಿ ಬಿಳಿ ಮುದ್ದೆಯಾಗಿ ಅಲುಗಾಡದೆ ಬಿದ್ದಾಗ ಸತ್ತವೆಂದು ಅತ್ತಿದ್ದೆ. ವಾರ ಕಳೆದು ಆ ಮುದ್ದೆಯೊಳಗಿನಿಂದ ಕಪ್ಪು ಜೀರುಂಡೆ ಹೊರಗೆ ಬಂತು. ಜೀರುಂಡೆ ಮೊಟ್ಟೆ ಇಟ್ಟಿತು. ಮೇ ತಿಂಗಳ ಹೊತ್ತಿಗೆ ಟಬ್ಬಿಗೆ ಕಿವಿ ಇಟ್ಟರೆ ಒಣ ಎಲೆ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಸದ್ದು. ಮಂಚದ ಕೆಳಗಿನಿಂದ ಗಿರಣಿಯ ವಾಸನೆ, ಅದರ ಹಿಂದೆ ಸ್ವಲ್ಪ ಹುಳಿ ವಾಸನೆ.

ಅಜ್ಜಿಗೆ ಅದೇ ದೊಡ್ಡ ವಿಚಿತ್ರ. "ನಾವು ಹಿಟ್ ಜರಡಿ ಹಿಡಿದು ಉಳ ಎಸೀತಿದ್ವಿ. ಈ ನನ್ ಮೊಮ್ಮಗ ಹಿಟ್ ಎಸೆದು ಉಳ ಇಟ್ಕೊಳ್ತವ್ನೆ." ಬೈದರೂ ತನ್ನ ಹಳೇ ಜರಡಿಯನ್ನು ಕೊಟ್ಟವಳು ಅವಳೇ, ಹೊಟ್ಟಿನಿಂದ ಹುಳ ಬೇರೆ ಮಾಡಲು. ಕೊಡುವಾಗ ಒಂದೇ ಕಟ್ಟಳೆ: "ನೀರ್ ಮುಟ್ಟಿಸ್ಬೇಡ. ನೀರ್ ಬಿದ್ರೆ ಹಿಟ್ಟು ಮೆತ್ಕೊಂಡು ತೂತು ಮುಚ್ಕೊಳ್ತದೆ, ತುಕ್ಕು ಹಿಡೀತದೆ. ಎರಡ್ ಸಲ ಬಡಿ, ಗೂಟಕ್ಕೆ ನೇತಾಕು. ಅಷ್ಟೇಯ." ನಮ್ಮ ಮನೆಯಲ್ಲಿ ಯಾರೂ ಎಂದೂ ಜರಡಿ ತೊಳೆದದ್ದನ್ನು ನಾನು ಕಂಡಿರಲಿಲ್ಲ. ನಿಮ್ಮ ಮನೆಗಳಲ್ಲೂ ಹಾಗೇ ಇದ್ದೀತು.

ಬೇಸಿಗೆ ರಜೆ ಪೂರ್ತಿ ಹೀಗೇ ಹೋಯಿತು. ಅಪ್ಪನ ಎಡಗೈ ನಿಧಾನಕ್ಕೆ ಬುದ್ಧಿ ಕಲಿಯುತ್ತಿತ್ತು. ಐದರಲ್ಲಿ ಒಂದು ಹುಳ ಬಾಯಿಗೆ ತಲುಪುತ್ತಿದ್ದದ್ದು ಎರಡಾಯಿತು, ಮೂರಾಯಿತು. ಎಡಗೈಯಲ್ಲಿ ಅಂಗಿ ಗುಂಡಿ ಹಾಕಿಕೊಂಡ. ಒಂದು ಮಧ್ಯಾಹ್ನ ನಮ್ಮೆಲ್ಲರ ಜೊತೆ ಸಾಲಿನಲ್ಲಿ ಕೂತು, ಎಡಗೈಯಲ್ಲೇ ಮುದ್ದೆ ಮುರಿದು ಉಂಡ. ಅಮ್ಮ ಇನ್ನೊಂದು ಸೌಟು ಸಾರು ಬಿಟ್ಟಳು.

ಜೂನ್ ಹೊತ್ತಿಗೆ ರುದ್ರಣ್ಣ ಎನ್ನುವವರು ಮನೆಗೆ ಬಂದರು. ಅಪ್ಪನ ಹಳೇ ಗೆಳೆಯರು, ನಾಗಸಂದ್ರದ ಹತ್ತಿರ ಸಣ್ಣ ಸ್ಪ್ರಿಂಗು ಮಾಡುವ ಶೆಡ್ಡು ಇಟ್ಟಿದ್ದರು. ಅವರು ಬಂದದ್ದು ಸುಮ್ಮನೆ ಮಾತಾಡಿಸಲು. ಆರೂವರೆಯ ಶಿಫ್ಟು ನೋಡಿ ಕೂತುಬಿಟ್ಟರು.

"ಲೋ, ಓಡೋ ಹುಳಾನೇ ಹಿಡೀತೀಯಲ್ಲೋ," ಎಂದರು. "ನಮ್ ಚೆಕಿಂಗ್ ಟೇಬಲ್ಲಲ್ಲಿ ಇದೇ ಕೆಲ್ಸ. ಸ್ಪ್ರಿಂಗ್ ಎತ್ತು, ಅಳತೆ ಗೇಜಿಗೆ ಹಾಕು, ಇಳ್ಸು. ಸ್ಪ್ರಿಂಗೇನು ಓಡೋಗಲ್ಲ. ಸೋಮವಾರ ಬಾ. ಒಂದಿನ ಕೂತ್ ನೋಡು. ಕೈ ನಿಂತ್ರೆ ಕೆಲ್ಸ ನಿಂದು."

"ಬಿದ್ದೋದ್ರೆ?"

"ಬಿದ್ದೋದ್ರೆ ಎತ್ಕೊಳೋ ಗುರು. ಮೊದ್ಲು ಬಾ."

ಅವರು ಹೋದ ಮೇಲೆ ಅಪ್ಪ ಚಿಮಟ ಒರೆಸಿ ಇಟ್ಟ. ಆಮೇಲೆ ಪೆಟ್ಟಿಗೆಯ ಕಡೆ ಬಗ್ಗಿ, "ಸಾರ್, ಭಾನುವಾರ ಟ್ರೈನಿಗೆ ಟೆಸ್ಟು. ಐದಕ್ಕೆ ಐದು ಬಾಯಿಗೇ ಹಾಕಿದ್ರೆ ಸೋಮವಾರ ಓಗ್ತೀನಿ. ಇಲ್ಲಾಂದ್ರೆ ಇಲ್ಲ" ಎಂದ. ತಮಾಷೆಯ ಮಾತೇ. ಆದರೆ ಅವನು ತಮಾಷೆಗೆ ಹೇಳಿರಲಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ಶುಕ್ರವಾರ ಜೋರು ಮಳೆ. ಶನಿವಾರ ಬೆಳಿಗ್ಗೆ ಗೋಡೆಯ ಬುಡದಿಂದ ಕೆಂಪಿರುವೆ ಸಾಲು ಹೊರಟಿತ್ತು. ಸಾಲು ನೇರವಾಗಿ ನನ್ನ ಟಬ್ಬಿಗೆ ಹೋಗುತ್ತಿತ್ತು. ಎಳೇ ಹುಳಗಳನ್ನು ಜೀವಂತ ಎಳೆದುಕೊಂಡು ಬರುತ್ತಿದ್ದವು. ಅಪ್ಪನಿಗೆ ಹೇಳಿದರೆ, "ತಟ್ಟೇಲಿ ನೀರಿಟ್ಟು ಅದ್ರೊಳಗೆ ಟಬ್ ಇಡು" ಎಂದ. ಟಬ್ಬಿನಷ್ಟು ಅಗಲದ ತಟ್ಟೆ ನಮ್ಮಲ್ಲಿ ಇರಲಿಲ್ಲ. ಹೊಸ್ತಿಲಿಗೆ ಹಾಕುವ ಇರುವೆ ಪುಡಿ ಇತ್ತು. ಟಬ್ಬಿನ ಒಳಗೆ ಒಂದು ಕಣವೂ ಬೀಳಬಾರದು ಎನ್ನುವಷ್ಟು ತಿಳಿವಳಿಕೆ ನನಗಿತ್ತು. ಅದಕ್ಕೇ ಟಬ್ಬನ್ನು ಹೊರಗೆ ಎತ್ತಿಟ್ಟು, ನೆಲ ಗುಡಿಸಿ, ಅದು ಕೂರುವ ಜಾಗದ ಸುತ್ತ ಒಂದು ಗೇಣು ಬಿಟ್ಟು ಪುಡಿ ಹಾಕಿದೆ. ಕೈಯಲ್ಲಿ ಉದುರಿಸಿದರೆ ಗಂಟುಗಂಟಾಗಿ ಬೀಳುತ್ತಿತ್ತು. ಜರಡಿ ತಂದು ಅದರಲ್ಲಿ ಜಾಡಿಸಿದೆ. ನಾಲ್ಕೂ ಕಡೆ ಒಂದೇ ಅಗಲ, ಒಂದೇ ತೆಳುವು, ಬಾಗಿಲ ಮುಂದಿನ ರಂಗೋಲಿಯ ಹಾಗೆ. ಕೆಲಸ ಅಚ್ಚುಕಟ್ಟಾಗಿ ಮಾಡಿದೆ ಎಂದು ಹೆಮ್ಮೆಯಾಯಿತು. ಜರಡಿಯನ್ನು ಎರಡು ಸಲ ಬಡಿದೆ, ಗೂಟಕ್ಕೆ ನೇತುಹಾಕಿದೆ.

ಭಾನುವಾರ ಸಂಜೆ ಒಂದು ಇರುವೆಯೂ ಇರಲಿಲ್ಲ. ಟೆಸ್ಟಿಗೆ ಒಳ್ಳೇ ಹುಳ ಆರಿಸಬೇಕೆಂದು ಟಬ್ಬಿನ ಹೊಟ್ಟನ್ನೆಲ್ಲ ಆ ಜರಡಿಯಲ್ಲೇ ಜಾಡಿಸಿದೆ. ದಪ್ಪನೆಯ ಐದು ಹುಳವನ್ನು ಬಟ್ಟಲಿಗೆ ಹಾಕಿದೆ. ಎಂದೂ ಇಲ್ಲದ ಹಾಗೆ ಕುಣಿಯುತ್ತಿದ್ದವು. ಸುತ್ತಿಕೊಳ್ಳುತ್ತಿದ್ದವು, ಬಿಚ್ಚಿಕೊಳ್ಳುತ್ತಿದ್ದವು, ಬಟ್ಟಲಿಂದ ಎಗರುತ್ತಿದ್ದವು.

ಅಪ್ಪ ಕೇಳಿದ. "ಏನೋ ಇವತ್ತು ಇಷ್ಟ್ ಕುಣೀತವೆ?"

"ಮಳೆ ಬಂತಲ್ಲಪ್ಪ. ತಂಪಿಗೆ ಜೋರಾಗಿದಾವೆ." ಸ್ಟೋರ್ ಕೀಪರ್ ಅಲ್ಲವೇ, ನನಗೆ ಗೊತ್ತಿಲ್ಲದ್ದು ಉಂಟೇ. "ಸಖತ್ ಮಾಲು ಇವತ್ತು."

ಅಷ್ಟು ಕುಣಿಯುವ ಹುಳವನ್ನು ಅಪ್ಪ ಹಿಡಿದ. ಒಂದು. ಕರಕ್. ಎರಡು. ಮೂರು. ಅಮ್ಮ ಒಲೆ ಆರಿಸಿ ಬಂದು ನಿಂತಿದ್ದಳು. ನಾಲ್ಕು. ಐದನೆಯ ಹುಳಕ್ಕೆ ಹಲ್ಲಿ ಹಾರಿದಾಗ ಚಿಮಟದ ತುದಿ ಅದರ ತುಟಿಗೆ ತಗುಲಿತು. ಅದು ತಲೆ ಕೊಡವಿತು, ಆದರೆ ನುಂಗಿತು. ಅಪ್ಪ ಚಿಮಟ ಕೆಳಗಿಟ್ಟು, "ಸಾರಿ ಸಾರ್" ಎಂದು ಅದಕ್ಕೆ ಕೈ ಮುಗಿದ. ಇಡೀ ಕೈಗೆ ಬೆರಳಿಲ್ಲದ ಕೈ ಸೇರಿಸಿ. ನಾನು ಚಪ್ಪಾಳೆ ಹೊಡೆದೆ. ಅಜ್ಜಿ ದೃಷ್ಟಿ ತೆಗೆದಳು, ಮಗನಿಗೂ ಹಲ್ಲಿಗೂ ಸೇರಿಸಿ.

ಸೋಮವಾರ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಹಣೆಗೆ ವಿಭೂತಿ ಇಟ್ಟು, ಹೋಗಿಬರುತ್ತೇನೆ ಎಂದು ಹೇಳಲು ಪೆಟ್ಟಿಗೆಯ ಹತ್ತಿರ ಹೋದ. ನಾನು ಎಂಟನೇ ಕ್ಲಾಸಿನ ಹೊಸ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಅಪ್ಪ ಸಾರ್ ಎಂದು ಕರೆಯುವುದು ಕೇಳಿಸದೆ ತಿರುಗಿ ನೋಡಿದೆ.

ಹಲ್ಲಿ ಕತ್ತು ತಿರುಚಿಕೊಂಡು ಮಲಗಿತ್ತು. ಬಾಯಿ ಅರ್ಧ ತೆರೆದಿತ್ತು. ತುಟಿಯ ಹತ್ತಿರ, ಹಿಂದಿನ ಸಂಜೆ ಚಿಮಟ ತಗುಲಿದ ಕಡೆ, ಸಾಸಿವೆ ಕಾಳಿನಷ್ಟು ಕಪ್ಪು ಕಲೆ.

"ಚುಚ್ಬಿಟ್ಟೆ ಕಣೋ," ಎಂದ ಅಪ್ಪ. "ನನ್ ಕೈಯಿಂದ ಆಯ್ತು."

ನಾನು ಮಂಚದ ಕೆಳಗೆ ಬಗ್ಗಿ ಟಬ್ಬು ಎಳೆದೆ. ಸದ್ದೇ ಇರಲಿಲ್ಲ. ಜೀರುಂಡೆಗಳೆಲ್ಲ ಅಂಗಾತ ಬಿದ್ದಿದ್ದವು. ಹುಳಗಳು ಕಡ್ಡಿಗಳ ಹಾಗೆ ನೆಟ್ಟಗೆ. ಎದ್ದು ಹೋಗಿ ಗೂಟದ ಜರಡಿ ಇಳಿಸಿದೆ. ಅದರ ಅಂಚಿನ ಸುತ್ತ, ತಂತಿ ಮತ್ತು ತಗಡು ಸೇರುವ ಸಂದಿಯಲ್ಲಿ, ಬೂದು ಬಣ್ಣದ ಪುಡಿ ಕೂತಿತ್ತು. ಮೂಗಿಗೆ ಹಿಡಿದೆ, ಇರುವೆ ಪುಡಿ. ಯಾವ ಮೇಷ್ಟರೂ ಹೇಳಿಕೊಡಬೇಕಾಗಿರಲಿಲ್ಲ.

ಆಗ ನನ್ನ ಮನಸ್ಸಿನಲ್ಲಿ ಆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ದುಃಖವಾಗಲಿಲ್ಲ. ಸಮಾಧಾನವಾಯಿತು. ಅಪ್ಪ ಆಗಲೇ ತನ್ನ ಮೇಲೆ ಹಾಕಿಕೊಂಡಿದ್ದಾನೆ, ನನ್ನನ್ನು ಯಾರೂ ಕೇಳುವುದಿಲ್ಲ ಎಂಬ ಸಮಾಧಾನ. ನನ್ನ ಕೆಲಸದಲ್ಲಿ ತಪ್ಪಾಯಿತು ಎನ್ನುವ ಮಾತು ನನ್ನ ಬಾಯಿಂದ ಬರಲಿಲ್ಲ. ಇವತ್ತಿಗೂ ಸುಲಭವಾಗಿ ಬರುವುದಿಲ್ಲ.

ಟಬ್ಬನ್ನು ಪಕ್ಕದ ಖಾಲಿ ಸೈಟಿನಲ್ಲಿ ಸುರಿದು ಮಣ್ಣು ಮುಚ್ಚಿದೆ. ಜರಡಿಯನ್ನು ನಲ್ಲಿಯ ಕೆಳಗೆ ಹಿಡಿದು ತಿಕ್ಕಿ ತಿಕ್ಕಿ ತೊಳೆದೆ. ಅಮ್ಮ ನೋಡಿದಳು. "ಜರಡಿಗೆ ಯಾಕೋ ನೀರ್ ಹಾಕ್ದೆ?"

"ಹುಳ ಮುಟ್ಟಿತ್ತಲ್ಲಮ್ಮ. ಇನ್ ಬೇಡ್ವಲ್ಲ ಅದು."

ಅವಳು ನನ್ನ ತಲೆ ಸವರಿದಳು. ಒಳಗೆ ಬಂದಾಗ ಅಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ್ದ. "ಉಳ ಏನ್ಮಾಡ್ದೆ?" ಎಂದು ಕೇಳಿದ.

"ಎಸೆದ್ಬಿಟ್ಟೆ ಅಪ್ಪ. ಇನ್ಯಾರಿಗೆ?"

"ಒಳ್ಳೇದ್ ಮಾಡ್ದೆ" ಎಂದು ಹೋಗಿ ಒಳಗಿನ ಗೋಡೆಗೆ ಒರಗಿ ಕೂತ.

ರುದ್ರಣ್ಣ ಎರಡು ಸಲ ಹೇಳಿ ಕಳಿಸಿದರು, ಮೂರನೇ ಸಲ ತಾವೇ ಬಂದರು. "ಒಂದ್ ಹಲ್ಲಿ ಸತ್ರೆ ಏನ್ ಗುರು? ಬಾರೋ" ಎಂದರು. ಅಪ್ಪ ತಲೆ ಎತ್ತಲಿಲ್ಲ. "ಅಷ್ಟು ದಿನ ಅಭ್ಯಾಸ ಮಾಡಿ, ಒಂದು ಜೀವದ ಬಾಯಿಗೆ ಅನ್ನ ಇಡಾಕೆ ಓಗಿ ಅದನ್ನೇ ಕೊಂದೆ ರುದ್ರ. ಈ ಕೈನ ನಂಬಿ ನಿನ್ ಮಾಲು ಕೊಡಬ್ಯಾಡ." ನಾನು ಬಾಗಿಲ ಹತ್ತಿರ ನಿಂತಿದ್ದೆ. ಎರಡು ಹೆಜ್ಜೆ ಮುಂದೆ ಹೋಗಿ ನಾಲ್ಕು ಮಾತು ಹೇಳಿದ್ದರೆ ಸಾಕಿತ್ತು. ಅದರ ಬದಲು ನಾನು ಅಂದದ್ದು, "ನಾನ್ ಬರ್ತೀನಿ ಅಣ್ಣ, ಚೆಕಿಂಗ್ ಕೆಲ್ಸಕ್ಕೆ."

ಎಲ್ಲರೂ ಅದನ್ನು ದೊಡ್ಡ ಮನಸ್ಸು ಎಂದರು. ಮುಂದಿನ ಗುರುವಾರ ನಾನು ರುದ್ರಣ್ಣನ ಶೆಡ್ಡಿನ ಚೆಕಿಂಗ್ ಟೇಬಲ್ಲಿಗೆ ಕೂತೆ, ಅಪ್ಪನಿಗಾಗಿ ತೆಗೆದಿರಿಸಿದ್ದ ಸ್ಟೂಲಿನ ಮೇಲೆ. ಎಂಟನೇ ಕ್ಲಾಸಿನ ಪುಸ್ತಕ ಯಾರಿಗೋ ಕೊಟ್ಟೆವು. ಸ್ಪ್ರಿಂಗಿನಿಂದ ಡ್ರಿಲ್ಲಿಗೆ, ಡ್ರಿಲ್ಲಿನಿಂದ ಲೇತಿಗೆ ಬಂದೆ. ರಾತ್ರಿಯೆನ್ನದೆ ಹಬ್ಬವೆನ್ನದೆ ದುಡಿದೆ. ಮನೆ ನಿಂತಿತು. ಅಪ್ಪ ಮುಂದೆ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂರುವ ಕೆಲಸ ಹಿಡಿದ. ಕೈಯಲ್ಲಿ ಏನೂ ಹಿಡಿಯಬೇಕಾಗಿಲ್ಲದ ಕೆಲಸವೇ ಬೇಕು ಎಂದಿದ್ದ. ರಿಜಿಸ್ಟರಿನಲ್ಲಿ ಬಂದವರೇ ಬರೆದುಕೊಳ್ಳುತ್ತಿದ್ದರು. ಎಡಗೈಯನ್ನು ಸದಾ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದ. ಉಣ್ಣುವಾಗ ಮತ್ತೆ ಗೋಡೆಯ ಕಡೆಗೆ ತಿರುಗಿದ್ದ.

ಇದನ್ನೆಲ್ಲ ನುಂಗಿಕೊಂಡು ಬದುಕಬಹುದಿತ್ತೇನೋ. ಆದರೆ ನನಗೆ ಮಗ ಹುಟ್ಟಿದ. ಆಸ್ಪತ್ರೆಯಿಂದ ತಂದ ದಿನ ನನ್ನ ಹೆಂಡತಿ ಮಗುವನ್ನು ಅಪ್ಪನ ಮುಂದೆ ಚಾಚಿದಳು. "ಎತ್ಕೊಳಿ ಮಾವ."

ಅಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಬ್ಯಾಡ ತಾಯಿ. ನನ್ ಕೈ ಸರಿ ಇಲ್ಲ."

"ಕೂತ್ಕೊಳಿ, ತೊಡೆ ಮೇಲೆ ಮಲಗಿಸ್ತೀನಿ."

"ಬ್ಯಾಡ ಅಂದೆ."

ಅವತ್ತು ಸಂಜೆ ಅವನನ್ನು ತಾರಸಿಗೆ ಕರೆದುಕೊಂಡು ಹೋಗಿ ಹೇಳಿದೆ. ಇರುವೆ, ಪುಡಿ, ಜರಡಿ, ಕುಣಿದ ಹುಳ, ಸತ್ತ ಜೀರುಂಡೆ, ಯಾವುದನ್ನೂ ಬಿಡಲಿಲ್ಲ. ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಗಂಟಲಲ್ಲಿ ಇಟ್ಟುಕೊಂಡಿದ್ದದ್ದನ್ನು ಒಂದೇ ಉಸಿರಿಗೆ ಹೇಳಿ, ಅವನು ಹೊಡೆಯಲಿ ಎಂದು ಕಾದೆ.

ಅಪ್ಪ ನಕ್ಕ. ಬಹಳ ಪ್ರೀತಿಯಿಂದ ನಕ್ಕ.

"ಮಗು ಎತ್ಕೊಳ್ಳಿ ಅಂತ ಇಷ್ಟೆಲ್ಲ ಕಟ್ಕೊಂಡ್ ಬಂದೆಯಾ? ಓಗೋ."

"ಅಪ್ಪಾ, ಸುಳ್ಳಲ್ಲ. ದೇವ್ರಾಣೆ. ನಾನೇ ಕೊಂದಿದ್ದು."

"ಅಂಗಿದ್ರೆ ಅವತ್ತೇ ಹೇಳ್ತಿದ್ದೆ ನೀನು. ನನ್ ಮಗ ನನ್ನ ಗೋಡೆ ಮುಂದೆ ಕೂರಿಸಿ ಸುಮ್ನೆ ಇರೋ ಅಂತೋನಲ್ಲ. ನಂಗೊತ್ತಿಲ್ವಾ ನೀನು?" ಅವನು ಜೇಬಿನಿಂದ ಎಡಗೈ ತೆಗೆದು ನನ್ನ ಭುಜ ತಟ್ಟಿದ. "ನಾನ್ ಕಣ್ಣಾರೆ ಕಂಡಿದೀನಿ ಸೀನ. ಚುಚ್ಚಿದ್ದು ನಾನು. ಇನ್ನೊಬ್ರ ತಪ್ಪು ಇಂಗೆ ಮೈಮೇಲೆ ಎಳ್ಕೋಬ್ಯಾಡ."

ಅಮ್ಮನನ್ನು ಕರೆದೆ, ತೊಳೆದ ಜರಡಿಯನ್ನು ನೆನಪಿಸಿದೆ. ಅವಳಿಗೆ ನೆನಪೇ ಇರಲಿಲ್ಲ. ನಾನು ಒತ್ತಿ ಒತ್ತಿ ಹೇಳಿದಷ್ಟೂ ಅಪ್ಪನಿಗೆ ನನ್ನ ಮೇಲೆ ಪ್ರೀತಿ ಹೆಚ್ಚಾಗುತ್ತಾ ಹೋಯಿತು. ಮೊಮ್ಮಗ ಅವನ ಕಾಲು ಹಿಡಿದುಕೊಂಡು ನಿಲ್ಲುವುದನ್ನು ಕಲಿತ, ನಡೆಯುವುದನ್ನು ಕಲಿತ. ಅಪ್ಪ ಒಂದು ದಿನವೂ ಅವನನ್ನು ಎತ್ತಲಿಲ್ಲ. ಹೋದ ವರ್ಷ ತೀರಿಕೊಂಡ.

ನನ್ನ ವಯಸ್ಸಿನವರು ಸೇರಿದಾಗ ಕಳೆದುಹೋದದ್ದನ್ನೆಲ್ಲ ಲೆಕ್ಕ ಹಾಕುತ್ತಾರೆ. ಆಡುವ ಜಾಗ ಹೋಯಿತು, ಬಾವಿ ಹೋಯಿತು, ಹುಣಸೆಮರ ಹೋಯಿತು. ಹೋಗಲಿ ಬಿಡಿ, ಅವನ್ನು ತೆಗೆದವರು ಬೇರೆಯವರು. ನಾನು ಕಳೆದದ್ದು ಒಂದು ಸೋಮವಾರದ ಬೆಳಿಗ್ಗೆ. ಅಪ್ಪ ಇಸ್ತ್ರಿ ಅಂಗಿ ಬಿಚ್ಚುವುದಕ್ಕೆ ಮುಂಚೆ ನಾನು ಹೇಳಿದ್ದರೆ ನಿಜವಾಗಿರುತ್ತಿದ್ದ ಮಾತು, ಆಮೇಲೆ ಎಷ್ಟು ಆಣೆ ಇಟ್ಟರೂ ನಿಜವಾಗಲಿಲ್ಲ. ಅವನಿಗೆ ಒಂದು ಕೈ ಪ್ರೆಸ್ಸಿನಲ್ಲಿ ಹೋಗಿತ್ತು. ಇನ್ನೊಂದನ್ನು ತೆಗೆದವನು ನಾನು.

ಅಪ್ಪನ ಹನ್ನೊಂದನೇ ದಿನದ ಊಟ ಮುಗಿದು ನೆಂಟರು ಎಲೆಅಡಿಕೆ ಹಾಕುತ್ತಾ ಕೂತಿದ್ದಾಗ ಚಿಕ್ಕಪ್ಪ ಈ ಕತೆ ತೆಗೆದರು. ಅಪ್ಪ ಅವರಿಗೆ ಹೇಳಿದ್ದನಂತೆ, ಇನ್ನೂ ಎಷ್ಟೋ ಜನಕ್ಕೆ ಹೇಳಿದ್ದನಂತೆ. "ಅಣ್ಣನ ನೋವು ತಡೀಲಾರ್ದೆ, ನಮ್ ಸೀನ ಆ ತಪ್ಪು ನಂದೇ ಅಂತ ದೇವ್ರಾಣೆ ಇಟ್ನಂತೆ ಕಣ್ರಪ್ಪ. ಇಂಥಾ ಮಗ ಯಾರಿಗ್ ಸಿಗ್ತಾನೆ ಈಗಿನ ಕಾಲದಾಗೆ?" ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಅದನ್ನೂ ಅವರು ವಿನಯ ಎಂದುಕೊಂಡರು.